ಅಮ್ಮನ ಐದು ಸೆಂಟ್ಸ್

ಕಳೆದ ಏಪ್ರಿಲ್ ತಿಂಗಳ ಒಂದು ಶುಕ್ರವಾರ ಸಂಜೆ ದಮ್ಮಾಮಿನಿಂದ ಅಣ್ಣನ ಫೋನ್ ಬಂತು. ಜುಮಾ ನಮಾಜ್ ಮುಗಿಸಿ, ಊಟ ಮಾಡಿ, ನಮಗೆಲ್ಲ ಫೋನ್ ಮಾಡುವುದು ಅವನ ವಾರದ ಪದ್ಧತಿ. ಆ ದಿನ ಕುಶಲ ವಿಚಾರಿಸುವುದನ್ನೂ ಮರೆತು ನೇರವಾಗಿ ವಿಷಯಕ್ಕೆ ಬಂದ.

“ಕಾಪುವಿನ ಜಾಗಕ್ಕೆ ಪಾರ್ಟಿ ಸಿಕ್ಕಿದೆ. ಸೆಂಟಿಗೆ ಒಳ್ಳೆಯ ರೇಟು ಹೇಳುತ್ತಿದ್ದಾರೆ. ಮಣಿಪಾಲದವರಂತೆ, ಮನೆ ಕಟ್ಟಿ ಮಾರುವವರು. ಅಮ್ಮ ನನ್ನ ಮಾತಿಗೆ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದೂ ಇಲ್ಲ. ನೀನು ಹೋಗಿ ಒಪ್ಪಿಸು. ಸಹಿ ನಿನ್ನದೂ ಬೇಕು, ತಂಗಿಯದೂ ಬೇಕು.”

ನಾನು ‘ಆಯಿತು’ ಎಂದೆ. ಫೋನ್ ಇಟ್ಟ ಮೇಲೆ ಮನಸ್ಸಿನಲ್ಲಿ ಬೇರೆಯೇ ಯೋಚನೆ. ಹೋಗುತ್ತೇನೆ, ಆದರೆ ಒಪ್ಪಿಸಲು ಅಲ್ಲ, ಮಾರಬೇಡ ಎಂದು ಅಮ್ಮನಿಗೆ ಹೇಳಲು ಎಂದುಕೊಂಡೆ. ಕತೆ ಬರೆಯುವವಳು ನಾನು. ಮಣ್ಣು, ಬಾವಿ, ಮಲ್ಲಿಗೆ ಎಂದರೆ ನನಗೆ ಕಣ್ಣು ಒದ್ದೆಯಾಗುತ್ತದೆ. ಈ ಮೂರನ್ನೂ ನನ್ನ ಕತೆಗಳಲ್ಲಿ ಎಷ್ಟೋ ಸಲ ಬಳಸಿಕೊಂಡಿದ್ದೇನೆ.

ಆದರೆ ಹೀಗೆ ಯೋಚಿಸುತ್ತಾ ನಾನು ನಿಂತಿದ್ದದ್ದು ಎಲ್ಲಿ ಗೊತ್ತೇ? ಮಣಿಪಾಲದ ಒಂದು ಕಟ್ಟಡದ ಆರನೆಯ ಮಾಳಿಗೆಯ ಬಾಲ್ಕನಿಯಲ್ಲಿ!

ಮಣಿಪಾಲ ಎಂಬ ಹೆಸರು ಇಲ್ಲಿನ ಮಣ್ಣಪಳ್ಳದಿಂದ ಬಂದದ್ದು ಎನ್ನುತ್ತಾರೆ. ಮಣ್ಣು ಮತ್ತು ಪಳ್ಳ, ಎಂದರೆ ಕೆರೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಇಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸುವಾಗ ಇದು ಬರೀ ಮುರಕಲ್ಲಿನ ಬೋಳುಗುಡ್ಡವಾಗಿತ್ತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಬಳಿಕ 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಇಂದು ದೇಶ ವಿದೇಶಗಳ ಮಕ್ಕಳು ಇಲ್ಲಿ ಓದುತ್ತಾರೆ. ಅವರು ಬಂದದ್ದರಿಂದ ಹೋಟೆಲು, ಹಾಸ್ಟೆಲು, ಫ್ಲ್ಯಾಟುಗಳು ಬಂದವು. ಅವುಗಳನ್ನು ಕಟ್ಟಲು ಬೇಕಾದ ಕೆಂಪುಕಲ್ಲು ಸುತ್ತಲಿನ ಊರುಗಳ ಗುಡ್ಡಗಳಿಂದ ಬಂತು. ನಾನು ವಾಸಿಸುವ ಮನೆಯ ಗೋಡೆಯೊಳಗೂ ಯಾರದೋ ಊರಿನ ಗುಡ್ಡವೊಂದು ಇದೆ. ಇದು ತಿಳಿಯದೆ ನಾನು ಊರಿನ ಮಣ್ಣಿನ ಬಗ್ಗೆ ಬರೆಯುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ.

* * *

ನನ್ನ ಬಾಲ್ಯ ಎರಡು ಊರುಗಳಲ್ಲಿ ಹಂಚಿಹೋಗಿದೆ. ಏಳನೆಯ ತರಗತಿಯವರೆಗೆ ಕಾರ್ಕಳದಲ್ಲಿ ನಾನಿಯ ಮನೆಯಲ್ಲಿದ್ದು ಉರ್ದು ಶಾಲೆಗೆ ಹೋದೆ. ಆಮೇಲೆ ಕಾಪುವಿನ ಒಳನಾಡಿನ ನಮ್ಮ ಮನೆಗೆ ಬಂದು ಕನ್ನಡ ಹೈಸ್ಕೂಲು ಸೇರಿದೆ.

ಕಾರ್ಕಳವೆಂದರೆ ನನಗೆ ಮೊದಲು ನೆನಪಾಗುವುದು ಭತ್ತ ಬೇಯಿಸುವ ವಾಸನೆ. ಅಕ್ಕಿ ಗಿರಣಿಗಳ ಊರು ಅದು. ಬೆಳಿಗ್ಗೆ ಶಾಲೆಗೆ ಹೋಗುವಾಗ ದಾರಿಯುದ್ದಕ್ಕೂ ಕುಚ್ಚಲಕ್ಕಿಯ ಬಿಸಿ ಹಬೆ ಮೂಗಿಗೆ ಬಡಿಯುತ್ತಿತ್ತು. ತಲೆಯೆತ್ತಿದರೆ ಬೆಟ್ಟದ ಮೇಲೆ ಗೊಮ್ಮಟ, 1432ರಿಂದ ಹಾಗೆಯೇ ನಿಂತಿರುವ 42 ಅಡಿಯ ಕಲ್ಲಿನ ಮನುಷ್ಯ. ಅವನ ಎದುರಿಗೆ 1586ರ ಚತುರ್ಮುಖ ಬಸದಿ. ಜನವರಿಯಲ್ಲಿ ಅತ್ತೂರು ಇಗರ್ಜಿಯ ಹಬ್ಬ ಬಂದರೆ ನಾನಿ ನಮ್ಮನ್ನೆಲ್ಲ ಸಂತೆಗೆ ಕರೆದುಕೊಂಡು ಹೋಗಿ ಮಿಠಾಯಿ ಕೊಡಿಸುತ್ತಿದ್ದರು. ಆ ಹಬ್ಬ ಯಾರದ್ದು ಎಂದು ನಾವು ಕೇಳಿದ್ದೇ ಇಲ್ಲ. ಮಿಠಾಯಿ ನಮ್ಮದಾಗಿತ್ತು, ಅಷ್ಟು ಸಾಕಿತ್ತು.

ನಾನಾ ಗೇಣಿ ಒಕ್ಕಲು. ನಮ್ಮ ಕರಾವಳಿಯಲ್ಲಿ ಗದ್ದೆಗಳಿಗೂ ಜಾತಿಯುಂಟು. ಎಲ್ಲಕ್ಕಿಂತ ತಗ್ಗಿನಲ್ಲಿ ನೀರು ಬತ್ತದ ಬೈಲು. ಅದರ ಮೇಲೆ ಮಜಲು. ಅದಕ್ಕೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಜಲಿನಲ್ಲಿ ಎರಡು. ಬೆಟ್ಟಿನಲ್ಲಿ ಒಂದೇ. ನಾನಾನ ಪಾಲಿಗೆ ಬಂದದ್ದು ಹೆಚ್ಚಾಗಿ ಮಜಲು. ಬೆಳೆದದ್ದರಲ್ಲಿ ಗೇಣಿಯ ಮುಡಿಗಳನ್ನು ಕಟ್ಟಿ ಧಣಿಯ ಮನೆಗೆ ಮುಟ್ಟಿಸಿ, ಉಳಿದದ್ದರಲ್ಲಿ ಹೊಟ್ಟೆ ಹೊರೆಯಬೇಕು. 1974ರಲ್ಲಿ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ನಾನಾ ಕೂಡಾ ಎಲ್ಲರಂತೆ ಡಿಕ್ಲರೇಶನ್ ಕೊಟ್ಟರು. ಎಷ್ಟೋ ವರ್ಷ ಟ್ರಿಬ್ಯೂನಲಿಗೆ ಅಲೆದು ಕೊನೆಗೂ ಜಮೀನು ಅವರ ಹೆಸರಿಗೆ ಬಂತು. ಆ ಕಾಗದವನ್ನು ಅವರು ಕುರ್‌ಆನ್ ಇಡುವ ಕಪಾಟಿನ ಕೆಳಗಿನ ಅರೆಯಲ್ಲಿಟ್ಟಿದ್ದರು.

ಅದೇ ಜಮೀನನ್ನು ಮಾಮು 2006ರಲ್ಲಿ ಮಾರಿದರು. ನಾನಾ ಅಲೆದು ಪಡೆದ ನೆಲ ಮೂವತ್ತು ವರ್ಷವೂ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಮಾಮುವನ್ನು ನಾನು ದೂರಲಾರೆ. ನಾಟಿಗೆ ಆಳಿಲ್ಲ, ಆಳು ಸಿಕ್ಕಿದರೆ ಭತ್ತಕ್ಕೆ ಬೆಲೆಯಿಲ್ಲ, ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಧಣಿಯಿಂದ ನೆಲವನ್ನು ಕಾನೂನು ಬಿಡಿಸಿಕೊಟ್ಟಿತು. ಆದರೆ ಆ ನೆಲದ ಮೇಲೆ ಬದುಕುವುದು ಹೇಗೆಂದು ಆಮೇಲೆ ಯಾರೂ ಹೇಳಿಕೊಡಲಿಲ್ಲ. ಈಗ ಅಲ್ಲಿ ಸಾಲು ಮನೆಗಳಿವೆ. ಮಾರುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

* * *

ಅಬ್ಬಾ ಕಾಪು ಪೇಟೆಯಲ್ಲಿ ಟೈಲರ್. ಬೊಂಬಾಯಿಯಲ್ಲಿ ಹತ್ತು ವರ್ಷ ಹೊಲಿದು ಉಳಿಸಿದ ದುಡ್ಡಿನಲ್ಲಿ, ನಾನು ಮೂರು ವರ್ಷದವಳಿದ್ದಾಗ ಶಿರ್ವದ ಕಡೆಗೆ ಹೋಗುವ ದಾರಿಯ ಒಳಗೊಂದು ಕಡೆ ನಲ್ವತ್ತು ಸೆಂಟ್ಸ್ ಬೆಟ್ಟು ಜಾಗ ಕೊಂಡರು. ಮೊದಲು ತೋಡಿಸಿದ್ದು ಬಾವಿ, ಆಮೇಲೆ ಮನೆ. ಮುರಕಲ್ಲು ಕಡಿದು ಕಡಿದು ಹನ್ನೆರಡು ಕೋಲಿಗೆ ನೀರು ಸಿಕ್ಕಿತಂತೆ. ಮೊದಲ ಕೊಡಪಾನವನ್ನು ಅಬ್ಬಾ ಪಕ್ಕದ ಮನೆಯ ಬಾಯಮ್ಮನಿಗೆ ಕೊಟ್ಟರೆಂದು ಅಮ್ಮ ಹೇಳುತ್ತಾರೆ. ಬಾವಿ ತೋಡುವಾಗ ಎರಡು ತಿಂಗಳು ಕೆಲಸದವರಿಗೆ ಕುಡಿಯುವ ನೀರು ಬಂದದ್ದು ಅವರ ಮನೆಯಿಂದ.

ರಾತ್ರಿ ನಮ್ಮ ಅಂಗಳದಲ್ಲಿ ನಿಂತರೆ ಪಶ್ಚಿಮದ ತೆಂಗಿನ ತಲೆಗಳ ಮೇಲೆ ಕಾಪು ದೀಪಸ್ತಂಭದ ಬೆಳಕು ಸುಳಿದು ಹೋಗುವುದು ಕಾಣುತ್ತಿತ್ತು. 1901ರಲ್ಲಿ ಕಟ್ಟಿದ ಆ ದೀಪ ಹಡಗಿನವರಿಗಾಗಿ ಇರುವುದು. ನಮ್ಮ ಪಾಲಿಗೆ ಅದು ಮಲಗುವ ಹೊತ್ತಿನ ಗಡಿಯಾರ.

ಅಮ್ಮ ಮಲ್ಲಿಗೆ ನೆಟ್ಟದ್ದು ಬಾಯಮ್ಮನನ್ನು ನೋಡಿ. ಶಂಕರಪುರ ಮಲ್ಲಿಗೆಯನ್ನು ತಿಳಿಯದ ಕನ್ನಡಿಗರು ಕಡಿಮೆ. ಶಂಕರಪುರ, ಶಿರ್ವ, ಇನ್ನಂಜೆ, ಬೆಳ್ಳೆಯ ಸುತ್ತಮುತ್ತ ಜಾಗದ ಮೂಲೆಯಲ್ಲಿ ಹತ್ತು ಗಿಡವಾದರೂ ಇರುವ ಮನೆಗಳು ಎಷ್ಟೋ. ಕ್ರೈಸ್ತರು, ಬಂಟರು, ಬಿಲ್ಲವರು, ಬ್ಯಾರಿಗಳು, ನಮ್ಮಂತಹ ಉರ್ದು ಮನೆಯವರು, ಯಾರಿಗೂ ಭೇದವಿಲ್ಲ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು. ಬಿಸಿಲೇರುವುದರೊಳಗೆ ಬಾಳೆಯ ನಾರಿನಲ್ಲಿ ಕಟ್ಟಿ ಮುಗಿಸಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ ಬೆರಳುಗಳು ಮೂರು ಸಾವಿರದ ಇನ್ನೂರು ಹೂಗಳನ್ನು ಕಟ್ಟಬೇಕು. ದರ ದಿನವೂ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಮದುವೆಯ ದಿನಗಳಲ್ಲಿ ಅಟ್ಟೆಗೆ ಸಾವಿರ ದಾಟಿ ಏರುವ ದರ, ಮದುವೆಗಳಿಲ್ಲದ ಕಾಲದಲ್ಲಿ ಕೆಲವು ನೂರಕ್ಕೆ ಇಳಿಯುತ್ತದೆ. ಹೂವು ಬೊಂಬಾಯಿಗೂ ಹೋಗುತ್ತದೆ, ಮಂಗಳೂರಿನಿಂದ ವಿಮಾನ ಹತ್ತಿ ಕೊಲ್ಲಿಗೂ ಹೋಗುತ್ತದೆ.

ಈ ಹೂವಿನ ದುಡ್ಡಿಗೆ ಒಂದು ವಿಶೇಷವಿತ್ತು. ಅದು ಮನೆಯ ಹೆಂಗಸಿನ ಕೈಗೆ ಬರುತ್ತಿತ್ತು. ಅಬ್ಬಾನ ದುಡ್ಡಿನಲ್ಲಿ ಅಕ್ಕಿ, ಮೀನು. ಅಮ್ಮನ ದುಡ್ಡಿನಲ್ಲಿ ನಮ್ಮ ಪುಸ್ತಕ, ಬಸ್ಸಿನ ಟಿಕೇಟು, ಕಾಲೇಜಿನ ಫೀಸು. ನಾನು ಬಿ.ಎ. ಮುಗಿಸಿದ್ದು ಮಲ್ಲಿಗೆಯಿಂದ. ಊರಿನಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರೂ ಇದ್ದಾರೆ. ಈ ಜಿಲ್ಲೆಯ ವಿದ್ಯಾವಂತಿಕೆಯ ಬಗ್ಗೆ ಭಾಷಣ ಮಾಡುವವರು ಆ ಬೆರಳುಗಳನ್ನು ನೆನೆಯುವುದು ಕಡಿಮೆ.

ಭಾಷಣಗಳಲ್ಲಿ ಬ್ಯಾಂಕುಗಳ ಹೆಸರು ಬರುತ್ತದೆ. ಅದೂ ಸುಳ್ಳಲ್ಲ. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಸ್ಥಾಪಿಸಿದರು. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕಾಯಿತು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್ ಹುಟ್ಟಿತು. ಅದರ ಪಿಗ್ಮಿಯವರು ಮನೆ ಮನೆಗೆ ಬಂದು ಚಿಲ್ಲರೆ ಕಾಸನ್ನೂ ಉಳಿತಾಯ ಮಾಡಿಸಿದರು. ಅಮ್ಮ ಕೂಡಾ ಹೂವಿನ ದುಡ್ಡಿನಿಂದ ಪಿಗ್ಮಿ ಕಟ್ಟಿದವರೇ. 2020ರ ಏಪ್ರಿಲ್ ಒಂದರಂದು ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಅಮ್ಮ ಈಗಲೂ ಪಾಸ್‌ಬುಕ್ಕನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ.

* * *

ಮಣಿಪಾಲದಿಂದ ಉಡುಪಿ, ಅಲ್ಲಿಂದ ಕಾಪು, ಮತ್ತೆ ಒಳಗಿನ ಬಸ್ಸು. ಸರಕಾರ 2023ರಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಟ್ಟಿತು ನಿಜ, ಆದರೆ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಟಿಕೇಟು ಕೊಂಡು ಕಿಟಕಿಯ ಪಕ್ಕ ಕುಳಿತೆ.

ಹೆದ್ದಾರಿ ಅಗಲವಾಗಿದೆ. 1998ರಲ್ಲಿ ಕೊಂಕಣ ರೈಲು ಬೊಂಬಾಯಿಯನ್ನು ಹತ್ತಿರ ತಂದಿತು. ಅದಕ್ಕಿಂತ ಒಂದು ವರ್ಷ ಮೊದಲು, 1997ರ ಆಗಸ್ಟಿನಲ್ಲಿ, ಉಡುಪಿ ಬೇರೆ ಜಿಲ್ಲೆಯಾಯಿತು. 2018ರಲ್ಲಿ ಕಾಪು ತಾಲೂಕಾಯಿತು. ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬಂತು, ಅದರ ಪರ ವಿರೋಧದ ಗದ್ದಲವೂ ಬಂತು. ಪಡುಬಿದ್ರಿಯ ಸಮುದ್ರ ತೀರಕ್ಕೆ 2020ರಲ್ಲಿ ನೀಲಿ ಬಾವುಟ ಸಿಕ್ಕಿತು. ಒಂದೊಂದು ಬಂದಾಗಲೂ ಜಾಗದ ರೇಟು ಏರಿತು.

ಬಸ್ಸು ಕಾಪುವಿನಿಂದ ಒಳಕ್ಕೆ ತಿರುಗಿದ ಮೇಲೆ ಕಂಡದ್ದು ಬೇರೆ. ಎರಡೂ ಕಡೆ ಹಡಿಲು ಬಿದ್ದ ಗದ್ದೆಗಳು. ಮಧ್ಯೆ ಮಧ್ಯೆ ಕೆಂಪು ಮಣ್ಣು ತುಂಬಿಸಿ ಎತ್ತರಿಸಿದ ಚೌಕಗಳು, ಅವುಗಳಲ್ಲಿ ‘ನಿವೇಶನಗಳು ಮಾರಾಟಕ್ಕಿವೆ’ ಎಂಬ ಬೋರ್ಡು. ಬೈಲಿನ ಗದ್ದೆಯೆಂದರೆ ಬರೀ ಅನ್ನ ಕೊಡುವ ಜಾಗವಲ್ಲ. ಮಳೆಗಾಲದ ನೀರನ್ನು ನಿಲ್ಲಿಸಿ ಇಂಗಿಸಿ ಸುತ್ತಲಿನ ಬಾವಿಗಳಿಗೆ ಕೊಡುವ ಪಾತ್ರೆ ಅದು. ಪಾತ್ರೆಗೆ ಮಣ್ಣು ತುಂಬಿಸಿದರೆ ನೀರು ಎಲ್ಲಿ ನಿಲ್ಲಬೇಕು?

ಹಿಂದೆ ಮಳೆ ನಿಂತ ಮೇಲೆ, ಸುಮಾರು ನವೆಂಬರಿನಲ್ಲಿ, ಬೇಸಾಯದವರೆಲ್ಲ ಸೇರಿ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು. ಕಟ್ಟದ ಮೇಲೆ ಸಿಹಿನೀರು ನಿಲ್ಲುತ್ತಿತ್ತು, ಕೆಳಗಿನಿಂದ ಭರತದ ಉಪ್ಪುನೀರು ಏರಿ ಬರುತ್ತಿರಲಿಲ್ಲ. ಕಟ್ಟ ಹಾಕುತ್ತಿದ್ದದ್ದು ಸುಗ್ಗಿ ಮತ್ತು ಕೊಳಕೆಯ ಬೆಳೆಗಾಗಿ. ಆ ಬೆಳೆಗಳೇ ನಿಂತ ಮೇಲೆ ಕಟ್ಟ ಯಾರು ಹಾಕುತ್ತಾರೆ? ನಮ್ಮ ಜಾಗದ ಕೆಳಗಿನ ಬಾಯಮ್ಮನ ಬಾವಿಯೂ ಸೇರಿ ನಾಲ್ಕು ಮನೆಗಳ ಬಾವಿ ಈಗ ಮಾರ್ಚಿಗೇ ಉಪ್ಪಾಗುತ್ತದೆ. ನಳ್ಳಿ ಇದೆ, ದಿನಬಿಟ್ಟು ದಿನ ನೀರು ಬರುತ್ತದೆ. ಬಾರದ ದಿನ ಎಲ್ಲರೂ ಮೇಲಿನ ನಮ್ಮ ಬಾವಿಗೆ ಬರುತ್ತಾರೆ.

ಊರು ಮೊದಲು ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ನಾನಾ ಧಣಿಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಅಬ್ಬಾನಿಗೆ ಎದೆನೋವು ಬಂದಾಗ ಒಂದು ಗಂಟೆಯೊಳಗೆ ಮಣಿಪಾಲದ ದೊಡ್ಡ ಆಸ್ಪತ್ರೆಗೆ ತಲುಪಿಸಲು ಸಾಧ್ಯವಾದದ್ದು ಇದೇ ರಸ್ತೆಯಿಂದ. ಅದರಿಂದ ಅವರು ಒಂಬತ್ತು ವರ್ಷ ಹೆಚ್ಚು ಬದುಕಿದರು. ನಗರ ಹತ್ತಿರ ಬಂದದ್ದರಿಂದ ನಮಗೆ ಸಿಕ್ಕಿದ್ದನ್ನು ಮರೆತು, ಕಳೆದದ್ದನ್ನು ಮಾತ್ರ ಲೆಕ್ಕ ಹಾಕಿದರೆ ಅದು ಕೃತಘ್ನತೆ.

* * *

ನಾನು ಹೋದಾಗ ಅಮ್ಮ ಜಗಲಿಯಲ್ಲಿ ಕುಳಿತು ಹೂವು ಕಟ್ಟುತ್ತಿದ್ದರು. ಬಾಯಮ್ಮ ಎದುರಿಗೆ ಕುಳಿತು ನಾರು ಸೀಳುತ್ತಿದ್ದರು. ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರದೂ ತುಳುವಿನಲ್ಲಿ ಮಾತು. ಗಿಡಗಳನ್ನು ನೋಡಿದೆ. ಹಿಂದೆ ನಲ್ವತ್ತಕ್ಕೂ ಹೆಚ್ಚು ಇದ್ದವು. ಈಗ ಹದಿನೆಂಟು.

ಚಹಾ ಕುಡಿದು, ಬಾಯಮ್ಮ ಹೋದ ಮೇಲೆ, ನಾನು ದಾರಿಯಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳನ್ನು ಆಡಿದೆ. ಅಬ್ಬಾ ಬೆವರು ಸುರಿಸಿ ಕೊಂಡ ನೆಲ, ನಮ್ಮನ್ನು ಓದಿಸಿದ ಗಿಡಗಳು, ಮಾರುವುದು ಬೇಡ ಎಂದೆ. ಅಣ್ಣನಿಗೆ ನಾನು ಹೇಳುತ್ತೇನೆ ಎಂದೆ.

ಅಮ್ಮ ನಾರಿಗೆ ಗಂಟು ಹಾಕುತ್ತಲೇ ಕೇಳಿಸಿಕೊಂಡರು. ಆಮೇಲೆ ನಮ್ಮ ಮನೆಯ ಉರ್ದುವಿನಲ್ಲಿ ಹೇಳಿದರು, “ಮಗಳೇ, ನೀನು ಮಲ್ಲಿಗೆಯ ಬಗ್ಗೆ ಬರೆಯುತ್ತೀ. ಅದಕ್ಕೆ ನೀರು ಹೊಯ್ಯುವವಳು ನಾನು.”

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು. ಮೊಣಕಾಲು ಬಗ್ಗುವುದಿಲ್ಲ. ಬೆಳಗಿನ ಜಾವ ಕಣ್ಣು ಮಂಜು, ಮೊಗ್ಗು ಯಾವುದು ಚಿಗುರು ಯಾವುದು ತಿಳಿಯುವುದಿಲ್ಲ. ಗಿಡಕ್ಕೆ ರೋಗ ಬಂದರೆ ಮದ್ದು ಬಿಡಲು ಜನವಿಲ್ಲ. ರಾತ್ರಿ ಒಬ್ಬರೇ. “ನಿನ್ನ ಅಣ್ಣನಿಗೆ ಸಾಲ ಉಂಟು. ಅವನು ನಿನಗೆ ಹೇಳಿಲ್ಲ, ನನಗೆ ಹೇಳಿದ್ದಾನೆ. ಮಾರಲಿ. ನಾನು ಬೇಡ ಅನ್ನುವುದಿಲ್ಲ.”

ಹಾಗಾದರೆ ಅಣ್ಣ ಕೇಳಿದಾಗ ಹೂಂ ಅನ್ನಲಿಲ್ಲ ಯಾಕೆ?

“ಬಾವಿಯದ್ದು ಯೋಚಿಸುತ್ತಿದ್ದೆ.”

ಬ್ರೋಕರು ಬಂದು ಜಾಗ ನೋಡಿದ ದಿನವೇ ಹೇಳಿದ್ದನಂತೆ, ಸುತ್ತಲೂ ಆವರಣ ಗೋಡೆ ಬರುತ್ತದೆ, ಗೇಟು ಬರುತ್ತದೆ ಎಂದು. ಅಮ್ಮ ಅವನಲ್ಲಿ ಒಂದೇ ಪ್ರಶ್ನೆ ಕೇಳಿದ್ದರು, ಈ ನಾಲ್ಕು ಮನೆಯವರು ನೀರಿಗೆ ಎಲ್ಲಿಂದ ಬರಬೇಕು? ಅವನು ನಕ್ಕು ಸುಮ್ಮನಾಗಿದ್ದ. ಇನ್ನೊಂದು ಮಾತನ್ನೂ ಆಡಿದ್ದ. ಇಲ್ಲಿ ಮನೆಗಳಾದರೆ ‘ಒಂದೇ ತರದ ಜನ’ರಿಗೆ ಕೊಡುತ್ತಾರೆ, ಗಲಾಟೆ ಇರುವುದಿಲ್ಲ ಎಂದು. ಮಾರುವವರು ಯಾವ ತರದ ಜನ ಎಂಬುದು ಅವನಿಗೆ ಆ ಕ್ಷಣ ಮರೆತಿರಬೇಕು! ನನಗೆ ಆಶ್ಚರ್ಯವಾಗಲಿಲ್ಲ. ಮಣಿಪಾಲದಲ್ಲಿ ನಾವು ಬಾಡಿಗೆ ಮನೆ ಹುಡುಕುವಾಗ, ಹೆಸರು ಕೇಳಿದ ಮೇಲೆ ‘ನಿನ್ನೆಯೇ ಹೋಯಿತು’ ಎಂಬ ಉತ್ತರ ಎಷ್ಟು ಸಲ ಸಿಕ್ಕಿತ್ತೋ.

2022ರ ಮಾರ್ಚ್ ನೆನಪಾಯಿತು. ಕಾಪುವಿನ ಸುಗ್ಗಿ ಮಾರಿಪೂಜೆಯ ಸಂತೆಯಲ್ಲಿ ಆ ವರ್ಷ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಇಡುವ ಹಾಗಿಲ್ಲ ಎಂದಾಯಿತು. ತಲೆಮಾರುಗಳಿಂದ ಅಲ್ಲಿಯ ದೇವಸ್ಥಾನದಲ್ಲಿ ನಾದಸ್ವರ ನುಡಿಸುತ್ತಾ ಬಂದಿರುವ ಮುಸ್ಲಿಂ ಮನೆತನವಿರುವ ಊರು ಅದು. ಆ ವಾರವೂ ಹೂವಿನ ಏಜೆಂಟರು ಎಂದಿನಂತೆ ನಮ್ಮ ಮನೆಗೆ ಬಂದು ಹೂವು ಒಯ್ದರು. ಎಲ್ಲ ಮನೆಯ ಹೂವಿನ ಜೊತೆ ಸೇರಿದ ಮೇಲೆ ಅದಕ್ಕೆ ಬೇರೆ ಹೆಸರಿಲ್ಲ. ಬಾಯಮ್ಮ ಅಂದು ಅಮ್ಮನ ಹತ್ತಿರ ಕುಳಿತು ಏನೂ ಮಾತಾಡದೆ ನಾರು ಸೀಳಿ ಕೊಟ್ಟು ಹೋದರಂತೆ. ಅಮ್ಮ ಅದನ್ನು ಇಂದಿಗೂ ಹೇಳುತ್ತಾರೆ. ಅಂಗಡಿಯ ಸುದ್ದಿಯನ್ನಲ್ಲ, ಬಾಯಮ್ಮ ಬಂದು ಕುಳಿತದ್ದನ್ನು.

ಕತ್ತಲಾಗುತ್ತಿತ್ತು. ಅಮ್ಮ ಕೇಳಿದರು, “ಶರೀಅತ್ ಪ್ರಕಾರ ಪಾಲು ಮಾಡಿದರೆ ನನಗೆಷ್ಟು ಬರುತ್ತದೆ?”

ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. ತೀರಿಹೋದವರ ಹೆಂಡತಿಗೆ, ಮಕ್ಕಳಿದ್ದರೆ, ಎಂಟರಲ್ಲಿ ಒಂದು ಪಾಲು. ನಲ್ವತ್ತು ಸೆಂಟ್ಸಿನಲ್ಲಿ ಐದು. ಉಳಿದ ಮೂವತ್ತೈದರಲ್ಲಿ ಅಣ್ಣನಿಗೆ ಹದಿನೇಳೂವರೆ, ನನಗೂ ತಂಗಿಗೂ ತಲಾ ಎಂಟೂ ಮುಕ್ಕಾಲು.

“ಐದು ಸೆಂಟ್ಸ್ ಸಾಕು. ಬಾವಿ, ಬಾವಿಯ ಸುತ್ತಲಿನ ಅಂಗಳ, ಪಂಚಾಯತ್ ರಸ್ತೆಯಿಂದ ಅಲ್ಲಿಗೆ ಒಂದು ಕಾಲುದಾರಿ. ಅದು ನನ್ನದು. ಅದನ್ನು ಮಾರುವುದಿಲ್ಲ. ಉಳಿದದ್ದು ನಿಮ್ಮದು, ಏನು ಬೇಕಾದರೂ ಮಾಡಿ.”

ಉರ್ದು ಶಾಲೆಯಲ್ಲಿ ಓದಿದ ಪಾಠ ನೆನಪಾಯಿತು. ಮದೀನಾದಲ್ಲಿ ದುಡ್ಡಿಗೆ ನೀರು ಮಾರುತ್ತಿದ್ದ ರೂಮಾ ಎಂಬ ಬಾವಿಯನ್ನು ಹಜರತ್ ಉಸ್ಮಾನರು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಪ್ರಸಂಗ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ. ಅಮ್ಮ ಶಾಲೆಗೆ ಹೋದದ್ದು ಎರಡೇ ವರ್ಷ.

ಉರ್ದುವಿನ ‘ಜಗಹ್’ ಮತ್ತು ನಮ್ಮ ಕನ್ನಡದ ‘ಜಾಗ’ ಒಂದೇ ಶಬ್ದ. ನಾನಿಯ ಮನೆಯಲ್ಲಿ ಯಾರಾದರೂ ಬಂದರೆ ‘ಜಗಹ್ ದೋ’ ಎನ್ನುತ್ತಿದ್ದರು. ಸರಿದು ಕುಳಿತು ಅವರಿಗೂ ಎಡೆ ಮಾಡಿಕೊಡು ಎಂದು ಅರ್ಥ. ಈಗ ಜಾಗವೆಂದರೆ ಸೆಂಟ್ಸಿನಲ್ಲಿ ಅಳೆಯುವಂಥದ್ದು. ಅಮ್ಮನ ಬಾಯಲ್ಲಿ ಅಂದು ಎರಡು ಅರ್ಥಗಳೂ ಒಂದಾಗಿದ್ದವು.

* * *

ಅಣ್ಣನಿಗೆ ಹೇಳುವ ಕೆಲಸ ನನ್ನದಾಯಿತು. ಮೊದಲು ರೇಗಿದ. ನಡುವೆ ಬಾವಿ ಬಿಟ್ಟು ಜಾಗ ಯಾರು ಕೊಳ್ಳುತ್ತಾರೆ ಎಂದ. ಅವನ ಮಾತು ಸುಳ್ಳಾಗಲಿಲ್ಲ. ಆ ಪಾರ್ಟಿ ಹಿಂದೆ ಸರಿಯಿತು. ಎರಡು ವಾರ ಅವನು ಫೋನ್ ಮಾಡಲಿಲ್ಲ. ಮೂರನೆಯ ಶುಕ್ರವಾರ ಮಾಡಿದ. “ನನ್ನ ಮದುವೆಗೆ ಬಾಯಮ್ಮನ ಮನೆಯವರು ಎರಡು ದಿನ ನೀರು ಹೊತ್ತಿದ್ದರು, ನೆನಪುಂಟಾ?” ಎಂದು ಕೇಳಿದ. ಬೇರೆ ಏನೂ ಹೇಳಲಿಲ್ಲ. ನನಗೆ ಉತ್ತರ ಸಿಕ್ಕಿತ್ತು.

ನಾನೂ ತಂಗಿಯೂ ನಮ್ಮ ಪಾಲಿನಿಂದ ಸ್ವಲ್ಪ ಅವನ ಸಾಲಕ್ಕೆ ಕೊಡುವುದೆಂದು ಒಪ್ಪಿದ್ದೇವೆ. ಸರ್ವೆಯವರು ಬಂದು ಅಳೆದು ಐದು ಸೆಂಟ್ಸಿಗೆ ಕಲ್ಲು ಹಾಕಿ ಹೋಗಿದ್ದಾರೆ. ಉಳಿದ ಮೂವತ್ತೈದಕ್ಕೆ ಬೇರೆಯವರು ಬಂದು ನೋಡುತ್ತಿದ್ದಾರೆ, ರೇಟು ಮೊದಲಿಗಿಂತ ಕಡಿಮೆ. ಇವತ್ತಲ್ಲ ನಾಳೆ ಅದು ಹೋಗುತ್ತದೆ. ಅಮ್ಮ ನನ್ನ ಆರನೆಯ ಮಾಳಿಗೆಗೆ ಬರುತ್ತಾರೆ. ಅಲ್ಲಿ ಅವರ ದಿನ ಹೇಗೆ ಕಳೆಯುತ್ತದೋ ನನಗೆ ಗೊತ್ತಿಲ್ಲ. ಒಂದು ಬಾವಿ ಉಳಿದರೆ ಊರು ಉಳಿಯಿತು ಎಂದು ಹೇಳುವಷ್ಟು ಮೂರ್ಖಳೂ ನಾನಲ್ಲ. ತೋಡಿಗೆ ಕಟ್ಟ ಬೀಳದಿದ್ದರೆ, ಬೈಲುಗಳಿಗೆ ಮಣ್ಣು ತುಂಬುತ್ತಲೇ ಹೋದರೆ, ಒಂದು ದಿನ ಆ ಬಾವಿಗೂ ಉಪ್ಪು ಏರೀತು.

ಹೊರಡುವ ದಿನ ಅಮ್ಮ ಒಂದು ಕೆಲಸ ಹೇಳಿದ್ದರು. ಬಾವಿಯ ಹಗ್ಗ ಸವೆದಿದೆ, ಹೊಸದು ತಾ ಎಂದು. ಮಣಿಪಾಲದ ದೊಡ್ಡ ದೊಡ್ಡ ಅಂಗಡಿಗಳಲ್ಲಿ ಕೇಳಿದೆ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ತೋರಿಸಿದರು. ಕೊನೆಗೆ ಸಿಕ್ಕಿದ್ದು ಕಾಪು ಪೇಟೆಯಲ್ಲೇ, ಅಬ್ಬಾನ ಟೈಲರ್ ಅಂಗಡಿ ಇದ್ದ ಸಾಲಿನಲ್ಲಿ. ಅಂಗಡಿಯವರು ಎಷ್ಟು ಉದ್ದ ಬೇಕೆಂದು ಕೇಳಿದರು.

ಹನ್ನೆರಡು ಕೋಲು ಎಂದೆ. ಆಮೇಲೆ ಯೋಚಿಸಿ, ಇನ್ನೆರಡು ಕೋಲು ಹೆಚ್ಚಿಗೆ ಇರಲಿ ಎಂದೆ.